ಟೇಪಿನ ಮೊದಲನೇ ಇಂಚು

ಟೈರು ಸಿಡಿಯಬಹುದಿತ್ತು. ಎಡಕ್ಕೆ ಹೊರಳುವಾಗ ಮುಂದಿನ ಚಕ್ರ ಮಡ್‌ಗಾರ್ಡಿನ ಅಂಚಿಗೆ ಸಿಕ್ಕಿಕೊಂಡು, ಸ್ಟೀರಿಂಗು ಅಪ್ಪನ ಕೈಯಲ್ಲಿ ಕಲ್ಲಾಗಿ ನಿಂತುಬಿಡಬಹುದಿತ್ತು. ಹೊಸ ರಿಮ್ಮಿನ ಬೋಲ್ಟು ಸಡಿಲಾಗಿ, ಚಕ್ರವೊಂದು ಕಾರಿಗಿಂತ ಮುಂದೆ ಓಡಿಹೋಗಿ, ಅದನ್ನು ನಾವೇ ಕಿಟಕಿಯಿಂದ ನೋಡಬಹುದಿತ್ತು. ರಬ್ಬರು ತಗಡಿಗೆ ಉಜ್ಜಿ ಉಜ್ಜಿ ಹೊಗೆ ಏಳಬಹುದಿತ್ತು. ಅವ್ವನಿಗೆ ನೋವು ಎದ್ದ ಹೊತ್ತಿಗೆ ಸರಿಯಾಗಿ ಕಾರು ರೈಲ್ವೆ ಗೇಟಿನ ಹಳಿಗಳ ನಡುವೆ ಕೂತುಬಿಡಬಹುದಿತ್ತು. ಆಯಿ ಹಿಂದಿನ ಸೀಟಿನಲ್ಲಿ ಕೂತ ಭಾರಕ್ಕೆ ಸ್ಪ್ರಿಂಗು ತಗ್ಗಿ, ಒಂದು ಸ್ಪೀಡ್ ಬ್ರೇಕರಿನ ಮೇಲೆ ಇಡೀ ಗಾಡಿ ಎಗರಿ ಬೀಳಬಹುದಿತ್ತು. ಪಂಕ್ಚರಾಗಬಹುದಿತ್ತು, ಆದರೆ ಆಗ ಡಿಕ್ಕಿಯಲ್ಲಿ ಜಾಕು ಇರುತ್ತಿರಲಿಲ್ಲ. ಯಾಕೆ ಇರುತ್ತಿರಲಿಲ್ಲ ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇವೆಲ್ಲವುಗಳ ಕೊನೆಗೆ, ಅವ್ವನ ಹೊಟ್ಟೆಯಲ್ಲಿದ್ದ ಕೂಸು ಹಿಂದಿನೆರಡರ ಹಾಗೆ ನಮಗೆ ಮುಖ ತೋರಿಸದೆ ಹೋಗಬಹುದಿತ್ತು. ಹತ್ತು ವರ್ಷದವಳಾಗಿದ್ದಾಗ ಈ ಪಟ್ಟಿ ನನಗೆ ಬಾಯಿಪಾಠವಿತ್ತು. ಮಗ್ಗಿ ಇರಲಿಲ್ಲ.

ನನ್ನ ಹೆಸರು ಶಾಂತಾ. ಇಟ್ಟವರ ತಪ್ಪಲ್ಲ, ಅವರಿಗೆ ಮುಂದಿನದು ಗೊತ್ತಿರಲಿಲ್ಲ. ಕುಷಾಯಿಗೂಡದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಅವ್ವನ ಹೊಲಿಗೆ ಮಶೀನು, ಅದರ ಎದುರು ಕಬ್ಬಿಣದ ಮಂಚ, ಮಂಚದ ಕೆಳಗೆ ಒಂದು ಹಸಿರು ಟ್ರಂಕು. ಹಿಂದಿನದು ಅಡುಗೆಮನೆ, ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂತೇ ನಾನು ಓದುತ್ತಿದ್ದೆ. ಮನೆಯೊಳಗೆ ರಾಯಚೂರು ಕಡೆಯ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಅಪ್ಪ ಹತ್ತಿರದ ದೊಡ್ಡ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಅದಕ್ಕೆ ಕೆಂಪು ಬಣ್ಣ ಹಚ್ಚಿ ಬದಿಗಿಡುವುದು ಅವನ ಕೆಲಸ. ಆ ಕೆಲಸ ಸಂಜೆ ಅವನ ಜೊತೆ ಮನೆಗೂ ಬರುತ್ತಿತ್ತು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಈ ಕಡಿ ದಪ್ಪ ಆಗೈತಿ. ಇದಕ್ಕ ಕೆಂಪು ಹಚ್ಚಬೇಕಾಗ್ತೈತಿ ನೋಡು."

"ಹಚ್ರಿ, ಹಚ್ಚಿ ಹಂಗ ನುಂಗ್ರಿ," ಅನ್ನುತ್ತಿದ್ದಳು ಅವ್ವ.

ಅವ್ವನ ಅಳತೆಯ ದಾರಿಯೇ ಬೇರೆ. ಓಣಿಯ ಹೆಂಗಸರ ಜಂಪರುಗಳನ್ನು ಅವಳು ಹೊಲಿಯುತ್ತಿದ್ದದ್ದು ಒಂದು ಹಳೆಯ ಟೇಪಿನಿಂದ. ಅದರ ತುದಿಯ ಹಿತ್ತಾಳೆ ಪಟ್ಟಿ ಎಂದೋ ಕಿತ್ತುಹೋಗಿ, ಬಟ್ಟೆ ಎಳೆಎಳೆಯಾಗಿ ಬಿಟ್ಟುಕೊಂಡಿತ್ತು. ಅವ್ವ ಕತ್ತರಿ ತೆಗೆದುಕೊಂಡು 'ಒಂದು' ಎಂಬ ಗೆರೆಯ ತನಕ ನೆಟ್ಟಗೆ ಕತ್ತರಿಸಿ ಹಾಕಿದಳು. ಅಂದಿನಿಂದ ನಮ್ಮ ಮನೆಯ ಟೇಪಿಗೆ ಮೊದಲನೇ ಇಂಚೇ ಇಲ್ಲ. ಹೊಸದು ಯಾಕೆ, ಇದರಲ್ಲೇ ಒಂದು ಕಳೆದರಾಯಿತಲ್ಲ ಅಂದಳು, ಕಳೆಯುತ್ತಲೇ ಹೋದಳು. ಎದುರಿನ ಮನೆಯ ರವಣಮ್ಮ ಕೈ ಅಗಲಿಸಿ ನಿಂತರೆ ಅವ್ವ ಟೇಪು ಸುತ್ತಿ, "ಮೂವತ್ತೇಳು, ಕಳಿ ಒಂದ, ಮೂವತ್ತಾರು" ಎಂದು ಒಂದೇ ಉಸಿರಿನಲ್ಲಿ ಹೇಳುವಳು. ನಾನು ಸೀಮೆಸುಣ್ಣದಲ್ಲಿ ಕೊನೆಯ ಅಂಕಿಯನ್ನು ಬಟ್ಟೆಯ ಮೇಲೆ ಬರೆಯುವವಳು. 'ಕಳಿ ಒಂದ' ಎಂಬುದು ನನ್ನ ಕಿವಿಗೆ ಮಶೀನಿನ ಸದ್ದಿನಷ್ಟೇ ಸಹಜವಾಗಿತ್ತು. ಅಪ್ಪ ಆ ಹೊತ್ತಿಗೆ ಕಾರ್ಖಾನೆಯಲ್ಲಿ ಇರುತ್ತಿದ್ದ.

ಇನ್ನು ಆ ಹಸಿರು ಟ್ರಂಕು. ನನ್ನ ನಂತರ ಎರಡು ಸಲ ಅವ್ವ ಬಸುರಿಯಾಗಿದ್ದಳು. ಎರಡು ಸಲವೂ ಐದನೇ ತಿಂಗಳಿಗೇ ಕುಂಚಿಗಿ ಹೊಲಿದು ಆ ಟ್ರಂಕಿನಲ್ಲಿ ಇಟ್ಟಿದ್ದಳು. ಕೂಸಿನ ತಲೆ, ಕಿವಿ, ಬೆನ್ನು ಮುಚ್ಚುವ ಅಂಚುಕಟ್ಟಿದ ಟೋಪಿ ಅದು, ಕನ್ನಡಿ ಚೂರು ಹಚ್ಚಿದ್ದು. ಎರಡನ್ನೂ ಹಾಕಿಕೊಳ್ಳಲು ಯಾರೂ ಬರಲಿಲ್ಲ. ಎರಡನೆಯ ಸಲ ಅವ್ವ ಆಟೋದಲ್ಲಿ ದವಾಖಾನೆಗೆ ಹೋಗಿ ಬಂದ ಮಾರನೆಯ ದಿನವೇ ಹಾಗಾಯಿತು. ಆಟೋದ ಕುಲುಕಾಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಅಪ್ಪ ಒಪ್ಪಲಿಲ್ಲ. ಅವನಿಗೆ ಕೆಂಪು ಹಚ್ಚಲು ಒಂದು ವಸ್ತು ಬೇಕಿತ್ತು. ಆಯಿ, ಅಂದರೆ ಅವ್ವನ ಅವ್ವ, ರಾಯಚೂರಿನಿಂದ ಬಂದವಳು ಹೋಗುವಾಗ ಎರಡು ಕುಂಚಿಗಿಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ರೈಲಿನ ಕಿಟಕಿಯಿಂದ ಕೃಷ್ಣೆಗೆ ಹಾಕಿದಳಂತೆ. ಮೂರನೆಯ ಸಲ ದಿನ ತುಂಬುತ್ತಾ ಬಂದಾಗ ಅವ್ವ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಬರಲಿ ಮೊದಲು, ಆಮೇಲೆ ನೋಡೋಣ ಅಂದಳು. ಟ್ರಂಕು ಖಾಲಿಯಿತ್ತು. ಆದರೂ ನಾನು ಆ ಮಂಚದ ಮೇಲೆ ಮಲಗಲು ಹೆದರುತ್ತಿದ್ದೆ. ಕೆಳಗೆ ಯಾವುದೋ ಬಾಯಿ ತೆರೆದು ಕಾಯುತ್ತಿದೆ ಅನಿಸುತ್ತಿತ್ತು.

ಆಟೋದ ಮೇಲಿನ ಸಿಟ್ಟಿಗೆ ಅಪ್ಪ ಒಂದು ಹಳೆಯ ಸಣ್ಣ ಬಿಳಿ ಕಾರು ಕೊಂಡ. ಅದು ಬಂದ ವಾರದಲ್ಲೇ ಗೊತ್ತಾಯಿತು, ಮೂವರು ಕೂತರೆ ಪ್ರತಿ ಸ್ಪೀಡ್ ಬ್ರೇಕರಿಗೂ ಅದರ ತಳ ಹೆರೆಯುತ್ತಿತ್ತು. ಆ ಸದ್ದಿಗೆ ಅಪ್ಪನ ಮುಖ ಬಿಳಿಚಿಕೊಳ್ಳುತ್ತಿತ್ತು. ದೊಡ್ಡ ರಿಮ್ಮು, ಎತ್ತರದ ಟೈರು ಹಾಕಿಸುವುದೊಂದೇ ದಾರಿ ಎಂದು ತೀರ್ಮಾನಿಸಿದ. ಅಲಾಯ್ ಎಂಬ ಹೊಳೆಯುವ ರಿಮ್ಮುಗಳ ಚಿತ್ರವಿದ್ದ ಹಾಳೆಗಳು ಮನೆಗೆ ಬಂದವು.

"ನೋಡಬೇ ಶಾಂತಾ, ನಿಮ್ಮಪ್ಪ ಗಾಡಿಗಿ ಬೆಳ್ಳಿ ಬಳಿ ಇಡಸಾಕ ಹೊಂಟಾರ," ಅವ್ವ ಕೈ ಎತ್ತಿ ಅಲ್ಲಾಡಿಸಿದಳು. "ನನ್ನ ಕೈಯಾಗ ಇನ್ನೂ ಗಾಜಿನ್ವ ಅದಾವು."

"ಶೋಕಿಗಲ್ಲ ಅದು. ಗಾಡಿ ಹೊಟ್ಟಿ ನೆಲಕ್ಕ ಬಡ್ಯಾಕತ್ತೈತಿ."

"ಬಡದ್ರ ಗಾಡಿ ಹೊಟ್ಟಿಯಾಗ ಏನೈತ್ರಿ?"

ಅವ್ವನ ಕೈ ತಾನಾಗಿಯೇ ಕೆಳಗಿಳಿದು ತನ್ನ ಹೊಟ್ಟೆಯ ಮೇಲೆ ನಿಂತಿತು. ಒಲೆಯ ಮೇಲೆ ಪುಂಡಿಪಲ್ಯ ತಳ ಹಿಡಿಯುತ್ತಿತ್ತು, ಯಾರೂ ಏಳಲಿಲ್ಲ. ನಮ್ಮ ಮನೆಯ ಜಗಳಗಳು ಹೀಗೆ ಒಂದು ಶಬ್ದಕ್ಕೆ ಕಾಲು ತಾಗಿ ಅಲ್ಲೇ ಬಿದ್ದುಬಿಡುತ್ತಿದ್ದವು. ಕೂಗಾಡಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮುಂದಿನ ಎರಡು ವಾರ ಊಟದ ಹೊತ್ತಿನಲ್ಲಿ ಬರೀ ಟೈರಿನ ಮಾತು. ತಾಟಿನ ಮೇಲೆ ರೊಟ್ಟಿ ಇಟ್ಟು, ನಡುವೆ ಬಟ್ಟಲು ಬೋರಲು ಹಾಕಿ ಅಪ್ಪ ವಿವರಿಸುತ್ತಿದ್ದ: ಬಟ್ಟಲು ಅಂದರೆ ರಿಮ್ಮು, ಸುತ್ತಲಿನ ರೊಟ್ಟಿ ಟೈರು. ಬಟ್ಟಲು ದೊಡ್ಡದಾಗಿ ರೊಟ್ಟಿಯ ಅಂಚು ಸಣ್ಣದಾದರೆ ನೋಡಲು ಚೆಂದ, ಆದರೆ ಗುಂಡಿಯ ಹೊಡೆತವೆಲ್ಲ ನೇರ ಸೊಂಟಕ್ಕೆ. ಅಂಚು ದೊಡ್ಡದಾದರೆ ಕುಲುಕು ಕಡಿಮೆ, ಆದರೆ ಚಕ್ರ ಮೇಲಿನ ತಗಡಿಗೆ ತಾಗುತ್ತದೆ. ಟೈರಿನ ಮೇಲೆ ಬರೆದಿರುವ ಮೂರು ಅಂಕಿಗಳಲ್ಲಿ ಮೊದಲನೆಯದು ಅಗಲ, ಅದು ಮಿಲಿಮೀಟರಿನಲ್ಲಿ. ಎರಡನೆಯದು ಬದಿಯ ಎತ್ತರ, ಅದು ಅಗಲದ ಶೇಕಡಾ ಲೆಕ್ಕದಲ್ಲಿ. ಮೂರನೆಯದು ರಿಮ್ಮು, ಅದು ಇಂಚಿನಲ್ಲಿ. ತಪಾಸಣೆಯವನಾದ ಅಪ್ಪನಿಗೆ ಇದು ಬಹಳ ನೋವಿನ ವಿಷಯವಾಗಿತ್ತು.

"ಒಂದ ಸಾಲಿನಾಗ ಮೂರು ಅಳತಿ! ಮೂರು ಮಂದಿ ಮೂರು ಭಾಷಾ ಮಾತಾಡಿದಂಗ ಐತಿ."

"ನಮ್ಮ ಮನಿಯಂಗ," ಅಂದಳು ಅವ್ವ. "ರೊಟ್ಟಿ ಆರಾಕತ್ತೈತಿ, ಟೈರು ತಿನ್ರಿ."

ಒಂದು ಭಾನುವಾರ ಬೆಳಿಗ್ಗೆ ಅವ್ವ ಒಳಗೆ ಮಲಗಿದ್ದಳು. ಅಪ್ಪ ಕಾರಿನ ಮುಂದಿನ ಎಡ ಚಕ್ರದ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ನನ್ನನ್ನು ಕರೆದ. ಟೈರಿನ ನೆತ್ತಿಗೂ ಮೇಲಿನ ತಗಡಿನ ಅಂಚಿಗೂ ನಡುವೆ ಎಷ್ಟು ಜಾಗವಿದೆ ಎಂದು ಅಳೆಯಬೇಕಿತ್ತು. ಕಾರ್ಖಾನೆಯಿಂದ ತಂದಿದ್ದ ಉಕ್ಕಿನ ಪಟ್ಟಿ ಆ ಸಂದಿಯೊಳಗೆ ಬಾಗಲಿಲ್ಲ. ಅಪ್ಪ ಒಳಗೆ ಹೋಗಿ ಮಶೀನಿನ ಮೇಲಿಂದ ಅವ್ವನ ಟೇಪು ತಂದ. ನಾನು ತುದಿಯನ್ನು ಬೆರಳಲ್ಲಿ ಒತ್ತಿ ಟೈರಿನ ಮೇಲೆ ಹಿಡಿದೆ. ಅಪ್ಪ ಒಂದು ಕಣ್ಣು ಮುಚ್ಚಿ ಓದಿದ.

"ಮೂರು ಇಂಚು. ಬರೋಬ್ಬರಿ ಮೂರು."

'ಕಳಿ ಒಂದ' ಎಂಬುದು ನನ್ನ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಅಳೆಯುವಾಗ ಯಾರೂ ಮಾತಾಡಬಾರದು ಎಂಬುದು ಅಪ್ಪನ ನಿಯಮ. ಮಾತಾಡಿದರೆ ಅಂಕಿ ಓಡಿಹೋಗುತ್ತದಂತೆ. ಅಲ್ಲದೆ ಅಳೆಯುವುದೇ ಕೆಲಸವಾದವನಿಗೆ ಟೇಪು ಒಂದರಿಂದ ಶುರುವಾಗುವುದು ಕಾಣದೆ ಇರುತ್ತದೆಯೇ? ಕಂಡಿರುತ್ತದೆ, ಮನಸ್ಸಿನಲ್ಲೇ ಕಳೆದಿರುತ್ತಾನೆ ಅಂದುಕೊಂಡೆ. ಅಪ್ಪ ಜೇಬಿನಿಂದ ಪೆನ್ನು ತೆಗೆದು ಚೀಟಿಯ ಮೇಲೆ ಬರೆದ. ನಾನು ಬಗ್ಗಿ ನೋಡಿದೆ. ಮೂರು ಎಂದೇ ಬರೆದಿದ್ದ, ಕೆಳಗೊಂದು ಗೆರೆಯನ್ನೂ ಎಳೆದಿದ್ದ. ಟೇಪಿನ ತುದಿ ನನ್ನ ಬೆರಳಿನ ಕೆಳಗೆ ಮುಚ್ಚಿಹೋಗಿತ್ತು ಎಂಬುದು ಹೊಳೆಯುವಷ್ಟರಲ್ಲಿ ಕಾರು ಓಣಿಯ ತಿರುವು ದಾಟಿತ್ತು.

ಮಧ್ಯಾಹ್ನ ಅದು ಕಾಚಿಗೂಡದ ಟೈರಿನ ಅಂಗಡಿಯಿಂದ ಹೊಸ ಚಕ್ರಗಳ ಮೇಲೆ ಮರಳಿತು. ಓಣಿಯವರು ಹೊರಬಂದು ನೋಡಿದರು. ರವಣಮ್ಮ ತೆಲುಗಿನಲ್ಲಿ ದೃಷ್ಟಿ ತೆಗೆದಳು. ಅಪ್ಪ ಎಲ್ಲರಿಗೂ ಒಂದೇ ಮಾತು ಹೇಳಿದ, ಅಳತೆ ಮಾಡಿಯೇ ತಂದದ್ದು ಎಂದು. ಹೇಳುವಾಗ ಯಾಕೋ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಾರು ಈಗ ಮುಂಗಾಲೂರಿ ಕೂತ ಪ್ರಾಣಿಯ ಹಾಗೆ ಕಾಣುತ್ತಿತ್ತು. ಕತ್ತಲು ತುಂಬಿದ ಆ ಸಂದಿಗೆ ಕೈ ಹಾಕಿದೆ. ನನ್ನ ಎರಡೂವರೆ ಬೆರಳು ಹಿಡಿಯಿತು.

ಟೈರಿನ ಬದಿಯಲ್ಲಿ ಉಬ್ಬಕ್ಷರದಲ್ಲಿ 155/65 ಎಂದಿತ್ತು. ಬಟ್ಟಲು-ರೊಟ್ಟಿಯ ಪಾಠದ ಹೊತ್ತಿಗೆ ನನ್ನ ಗಮನ ರೊಟ್ಟಿಯ ಮೇಲಿತ್ತು; ಶಾಲೆಯಲ್ಲಿ ಓರೆಗೆರೆ ಅಂದರೆ ಭಾಗಾಕಾರ. ಹಿಟ್ಟಿನ ಡಬ್ಬಿಯ ಮೇಲೆ ಕೂತು ಭಾಗಿಸಿದೆ. ಭಾಗಲಬ್ಧ ಎರಡು, ಶೇಷ ಇಪ್ಪತ್ತೈದು. ಕಂಪಾಸಿನ ಪೆಟ್ಟಿಗೆಯ ಸ್ಕೇಲು ತೆಗೆದು ನೋಡಿದೆ. ಇಪ್ಪತ್ತೈದು ಮಿಲಿಮೀಟರಿನ ಎದುರಿಗೆ, ಕೂದಲೆಳೆ ಆಚೀಚೆ, ಒಂದು ಇಂಚಿನ ಗೆರೆ ಇತ್ತು. ಕತ್ತರಿಸಿ ಎಸೆದಿದ್ದ ಇಂಚು ಟೈರಿನ ಮೇಲೆ ಬಂದು ಕೂತಿತ್ತು! ಈಗಲೂ ಗಚ್ಚಿಬೌಲಿಯ ಗಾಜಿನ ಅಂಗಡಿಯಲ್ಲಿ ನನ್ನ ಕಾರಿಗೆ ಟೈರು ಆರಿಸುವಾಗ, ಮಾರುವವನು ಕಂಪ್ಯೂಟರಿನಲ್ಲಿ ಅಳತೆ ತೋರಿಸುತ್ತಿದ್ದರೆ ನಾನು ಮನಸ್ಸಿನಲ್ಲಿ ಭಾಗಿಸಿ ಶೇಷ ನೋಡುತ್ತೇನೆ. ಅವನಿಗೆ ಹೇಳುವುದಿಲ್ಲ.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಿನಕ್ಕೆ ನಾಲ್ಕು ಸಲ ಹೇಳಲು ಹೋಗುತ್ತಿದ್ದೆ. ಅಪ್ಪ ಪಂಚೆಯ ತುದಿಯಿಂದ ರಿಮ್ಮು ಒರೆಸುತ್ತಾ ಇರುತ್ತಿದ್ದ. ಅವ್ವ ಬೆನ್ನಿಗೆ ದಿಂಬು ಕೊಟ್ಟುಕೊಂಡು ಗೋಡೆ ನೋಡುತ್ತಿರುತ್ತಿದ್ದಳು. ಎಂಟನೆಯ ತಿಂಗಳು. ಹೆದರಿಸಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಹಾಗಾಗಿ ಬೇರೆ ಉಪಾಯ ಹುಡುಕಿದೆ: ಗಾಡಿಯ ಭಾರ ಕಡಿಮೆ ಮಾಡುವುದು. ಮೂರು ರೊಟ್ಟಿ ತಿನ್ನುವವಳು ಒಂದಕ್ಕೆ ಇಳಿದೆ. "ಹುಡುಗಿ ಸೊರಗಾಕತ್ತೈತಿ, ತಮ್ಮ ಬರ್ತಾನಂತ ಹೊಟ್ಟಿಕಿಚ್ಚು" ಎಂದು ಅವ್ವ ನಕ್ಕಳು. ಆಮೇಲೆ ಒಂದು ಮಧ್ಯಾಹ್ನ ಡಿಕ್ಕಿ ತೆಗೆದು, ಕೈಗೆ ಸಿಕ್ಕ ಅತಿ ಭಾರದ ವಸ್ತುವನ್ನು ಎತ್ತಿ ತಂದು ಹಸಿರು ಟ್ರಂಕಿನಲ್ಲಿ ಬಚ್ಚಿಟ್ಟೆ. ಅದು ಜಾಕು. ಇಲ್ಲದ ಅಪಾಯವನ್ನು ತಪ್ಪಿಸಲು ಹೋಗಿ ನಿಜವಾದ ಅಪಾಯಕ್ಕೆ ಬಾಗಿಲು ತೆಗೆದಿಡುವ ನನ್ನ ಬದುಕಿನ ಪದ್ಧತಿ ಅಂದು ಶುರುವಾಯಿತು. ನನ್ನ ಗಂಡನನ್ನು ಕೇಳಿದರೆ ಇಂಥವು ಇನ್ನೂ ಹತ್ತು ಹೇಳಿಯಾನು.

ಒಂಬತ್ತನೆಯ ತಿಂಗಳಿಗೆ ಆಯಿ ಬಂದಳು. ಕಾಚಿಗೂಡ ಸ್ಟೇಶನ್ನಿಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಆಯಿ ದೊಡ್ಡ ಹೆಂಗಸು. ರೈಲು ಡಬ್ಬಿಯ ಬಾಗಿಲಲ್ಲಿ ಅಡ್ಡಡ್ಡ ಇಳಿದಳು. ಜೊತೆಗೆ ಜೋಳದ ಹಿಟ್ಟಿನ ಚೀಲ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಅಂಟಿನುಂಡೆಯ ಡಬ್ಬಿ, ಬಾಣಂತಿಗೆ ನೀರು ಕಾಸಲು ತಾಮ್ರದ ಹಂಡೆ. ಒಂದೊಂದನ್ನೂ ಕಾರಿಗೆ ಏರಿಸಿದಾಗ ಸಂದಿ ಒಂದೊಂದು ಎಳೆ ಕಡಿಮೆಯಾಗುವುದನ್ನು ನೋಡುತ್ತಾ ನಿಂತೆ.

"ಏನ್ ನೋಡ್ತೀಬೇ ಗಾಲಿ? ಬಾ, ಬಾಜೂಕ ಕುಂಡ್ರು."

"ನಾ ಬಸ್ಸಿನಾಗ ಬರ್ತೀನಿ ಆಯಿ."

"ಹುಚ್ಚೈತೇನು ಇದಕ್ಕ? ಅಳಿಯಾರ, ಮಗಳಿಗಿ ಏನ್ ಉಣಿಸಾಕತ್ತೀರಿ?"

ಎಂಟು ದಿನದ ನಂತರ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಮಶೀನಿನ ಮುಂದೆ ಸುಮ್ಮನೆ ಕೂತಿದ್ದ ಅವ್ವ ಅದರ ಅಂಚು ಹಿಡಿದು ಎದ್ದು ನಿಂತಳು. ಹೇಳಿದ್ದು ಒಂದೇ ಮಾತು, "ನಡೀರಿ." ಅಪ್ಪನ ಪಕ್ಕ ನಾನು, ಹಿಂದೆ ಆಯಿಯ ತೊಡೆಗೆ ಒರಗಿ ಅವ್ವ. ದವಾಖಾನೆಯ ದಾರಿಯಲ್ಲಿ ಹತ್ತೊಂಬತ್ತು ಸ್ಪೀಡ್ ಬ್ರೇಕರುಗಳಿದ್ದವು. ನಾನು ಮೊದಲೇ ಎಣಿಸಿಟ್ಟಿದ್ದೆ. ರಸ್ತೆ ಬಿಕೋ ಅನ್ನುತ್ತಿತ್ತು. ಒಂದು ದಾಟಿತು. ಎರಡು. ಕಿವಿಯನ್ನು ಎಡ ಚಕ್ರದ ಕಡೆಗೆ ನೆಟ್ಟು ಕೂತಿದ್ದೆ, ಈಗ ಉಜ್ಜುತ್ತದೆ, ಈಗ. ಹಿಂದೆ ಆಯಿ ಸಣ್ಣ ದನಿಯಲ್ಲಿ ಶಿವಶಿವಾ ಅನ್ನುತ್ತಿದ್ದಳು. ಹನ್ನೊಂದನೆಯದರ ಮೇಲೆ ಏರಿದಾಗ ಅಪ್ಪನ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಳಿಚಿದ್ದು ಕಂಡೆ. ರೈಲ್ವೆ ಗೇಟಿನಲ್ಲಿ ಹಳಿಗಳ ಮೇಲೆ ಗಾಡಿ ನಿಧಾನ ಏರಿ, ನಿಧಾನ ಇಳಿಯಿತು. ಆಮೇಲೆ ಆ ಎಡ ತಿರುವು. ಅಪ್ಪ ಪೂರ್ತಿ ಹೊರಳಿಸಿದ. ಕಣ್ಣು ಮುಚ್ಚಿಕೊಂಡೆ.

ಏನೂ ಕೇಳಲಿಲ್ಲ. ಹೊಸ ಟೈರು ಡಾಂಬರಿನ ಮೇಲೆ ನೀರು ಹರಿದ ಹಾಗೆ ಹೊರಳಿ ಹೋಯಿತು. ಹತ್ತೊಂಬತ್ತೂ ದಾಟಿದವು.

ಸಂಜೆಯ ಚಹಾದ ಹೊತ್ತಿಗೆ ಒಳಗಿನಿಂದ ಅಳುವ ಸದ್ದು ಬಂತು. ನರ್ಸಮ್ಮ ಬಂದು "ಬಾಬು ಪುಟ್ಟಾಡು" ಅಂದಳು, ಗಂಡು ಕೂಸು, ತಾಯಿಯೂ ಚೆನ್ನಾಗಿದ್ದಾಳೆ ಅಂದಳು. ಆಯಿ ಗೋಡೆಗೆ ಕೈ ಊರಿ ಬೆಂಚಿನ ಮೇಲೆ ಕೂತಳು. ನಾನು ಆಗ ಅತ್ತೆ. ಸಂತೋಷಕ್ಕೆ ಅಳುತ್ತಿದೆ ಅಂದುಕೊಂಡು ಅಪ್ಪ ತಲೆ ನೇವರಿಸಿದ. ನನ್ನ ಬಾಯಿಂದ ಎಲ್ಲವೂ ಒಟ್ಟಿಗೇ ಹೊರಬಿತ್ತು: ಟೇಪಿಗೆ ಮೊದಲನೇ ಇಂಚಿಲ್ಲ, ನನ್ನ ಬೆರಳು, ಶೇಷ ಇಪ್ಪತ್ತೈದು, ಜಾಕು ಟ್ರಂಕಿನಲ್ಲಿದೆ. ನೇವರಿಸುತ್ತಿದ್ದ ಕೈ ನನ್ನ ತಲೆಯ ಮೇಲಿಂದ ಎದ್ದಿತು. ಕೆಂಪು ಬಣ್ಣ ಈಗ ನನಗೇ ಹಚ್ಚುತ್ತಾನೆ ಅಂದುಕೊಂಡೆ.

"ಒಂದು ಇಂಚು," ಅಂದ ಅಪ್ಪ. "ಹಂಗಾರ ಖಲೀಲ್ ಭಾಯ್ ಅಂದದ್ದ ಖರೆ."

ಟೈರಿನ ಅಂಗಡಿಯ ಖಲೀಲ್ ಭಾಯ್ ಅಪ್ಪನ ಚೀಟಿಯನ್ನು ಓದಲೇ ಇಲ್ಲವಂತೆ. ಚಕ್ರದ ಮೇಲಿನ ಸಂದಿಗೆ ತನ್ನ ಬೆರಳು ತೂರಿಸಿ, "ತೀನ್ ಉಂಗ್ಲಿ ಸಾಬ್. ಆಪ್ ಕಾ ಕಾಗಜ್ ನಕ್ಕೋ" ಅಂದನಂತೆ, ಮೂರೇ ಬೆರಳಿನ ಜಾಗ, ನಿಮ್ಮ ಕಾಗದ ಬೇಡ ಎಂದು. ಅಪ್ಪ ಬದಿಯ ಎತ್ತರ ಎಪ್ಪತ್ತು ಎಂದು ಬರೆದುಕೊಂಡು ಹೋಗಿದ್ದ ಜಾಗದಲ್ಲಿ, ಅದಕ್ಕಿಂತ ತಗ್ಗಿನ ಅರವತ್ತೈದರ ಟೈರು ಹಾಕಿದನಂತೆ. ಅಪ್ಪ ಅರ್ಧ ಗಂಟೆ ವಾದ ಮಾಡಿ ಸೋತು, ಕೂದಲೆಳೆ ಅಳೆಯುವ ತನ್ನನ್ನು ಒಬ್ಬ ಮೂರು ಬೆರಳಲ್ಲಿ ತಿದ್ದಿದ್ದನ್ನು ಮನೆಯಲ್ಲಿ ಹೇಳಲಾರದೆ ಎರಡು ತಿಂಗಳು ರಿಮ್ಮು ಒರೆಸುತ್ತಾ ಕಳೆದಿದ್ದ. ಆಮೇಲೆ ನಾನು ಲೆಕ್ಕ ಹಾಕಿ ನೋಡಿದೆ: ಎಪ್ಪತ್ತರ ಟೈರೇ ಬಂದಿದ್ದರೆ ಶೇಷ ಹದಿನೈದು ಬರುತ್ತಿತ್ತು. ಅದರಲ್ಲಿ ನನಗೆ ಯಾವ ಸುಳಿವೂ ಕಾಣುತ್ತಿರಲಿಲ್ಲ; ಉಜ್ಜುವ ಗಾಡಿಯಲ್ಲಿ ಎಷ್ಟೋ ನೆಮ್ಮದಿಯಾಗಿ ಕೂತಿರುತ್ತಿದ್ದೆ.

"ನಿಮ್ಮವ್ವಗ ಹೇಳಬ್ಯಾಡ," ಅಂದ ಅಪ್ಪ.

"ಆಕಿ ಯಾಕ ಹೇಳ್ತಾಳ?" ಬೆಂಚಿನಿಂದ ಆಯಿ ಅಂದಳು. "ನಾ ಹೇಳ್ತೀನಲ್ಲ ಅಳಿಯಾರ."

ಮಾರನೆಯ ದಿನವೇ ಅಪ್ಪ ಜಾಕನ್ನು ಡಿಕ್ಕಿಗೆ ಹಾಕಿದ, ಅವ್ವನಿಗೆ ಹೊಸ ಟೇಪು ತಂದ. ಹಳದಿ ಬಣ್ಣದ್ದು, ಎರಡೂ ತುದಿಗೆ ಲೋಹದ ಪಟ್ಟಿ ಇದ್ದದ್ದು. ತನ್ನ ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ಇಂಚು ಇಂಚಾಗಿ ಪರೀಕ್ಷಿಸಿದ ಮೇಲೆಯೇ ಮಶೀನಿನ ಮೇಲಿಟ್ಟ. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಆಯಿ ಎಷ್ಟು ಬೈದರೂ ಕೇಳದೆ ಅವ್ವ ಎದ್ದು ಮಶೀನಿನ ಮುಂದೆ ಕೂತಳು. ಕೆಂಪು ಬಟ್ಟೆ, ಹಸಿರು ಅಂಚು, ಕನ್ನಡಿ ಚೂರು. ಮೂರನೆಯ ಕುಂಚಿಗಿ, ಹಾಕಿಕೊಳ್ಳುವ ತಲೆ ಎದುರಿಗೇ ಇದ್ದು ಹೊಲಿದ ಮೊದಲನೆಯದು. ಬಿಸಿಲು ಕಿಟಕಿಯಿಂದ ಕೂಸಿನ ಕಾಲ ಮೇಲೆ ಬಿದ್ದಿತ್ತು. ನಾನು ಸೀಮೆಸುಣ್ಣ ಹಿಡಿದು ಪಕ್ಕದಲ್ಲಿ ಕೂತಿದ್ದೆ, ಹೊಟ್ಟೆ ತುಂಬ ಮೂರು ರೊಟ್ಟಿ ತಿಂದು. ಹುಟ್ಟಿದಾಗಿನಿಂದ ಅಂದು ಒಂದೇ ದಿನ ನನಗೆ ಯಾವ ಚಿಂತೆಯೂ ಇರಲಿಲ್ಲ. ಅವ್ವ ಹೊಸ ಟೇಪನ್ನು ತಮ್ಮನ ತಲೆಗೆ ಮೆಲ್ಲಗೆ ಸುತ್ತಿ ಹೇಳಿದಳು.

"ಹದಿನಾಕು, ಕಳಿ ಒಂದ, ಹದಿಮೂರು."

ನಾನು ಹದಿಮೂರು ಎಂದು ಬರೆದೆ. ಮರುದಿನ ಓಣಿಯ ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತಿರುವಾಗ ಆಯಿ ಕುಂಚಿಗಿಯನ್ನು ತಮ್ಮನ ತಲೆಗೆ ಏರಿಸಿ ಎಳೆದಳು, ಮತ್ತೆ ಎಳೆದಳು. ತಮ್ಮ ಮುಖ ಕೆಂಪಗೆ ಮಾಡಿಕೊಂಡು ಕಿರುಚಿದ. ಕುಂಚಿಗಿ ಕಿವಿಯ ತನಕ ಬರಲೇ ಇಲ್ಲ.